ಬೆಕ್ಕಿನ ಎದುರು ಅಳಬೇಡಿ

ಗಂಡು ಬೆಕ್ಕು ಮಲಮೂತ್ರಕ್ಕೆಂದು ಇಟ್ಟ ಮರಳಿನ ಟ್ರೇಗೆ ಹೋಗಿ ಕೂತು, ಎದ್ದು, ಎರಡು ನಿಮಿಷಕ್ಕೆ ಮತ್ತೆ ಹೋಗಿ ಕೂರುತ್ತಿದ್ದರೆ ಮನೆಯವರು ಹೆಚ್ಚಾಗಿ ಅದಕ್ಕೆ ಮಲಬದ್ಧತೆ ಎಂದುಕೊಳ್ಳುತ್ತಾರೆ. ಹರಳೆಣ್ಣೆ ಕುಡಿಸಿ ಒಂದು ದಿನ ಕಾಯುತ್ತಾರೆ. ಕಟ್ಟಿರುವುದು ಮಲವಲ್ಲ, ಮೂತ್ರ ಎಂದು ಗೊತ್ತಾಗುವ ಹೊತ್ತಿಗೆ ಆ ಒಂದು ದಿನ ಕೈಬಿಟ್ಟು ಹೋಗಿರುತ್ತದೆ.

ಪುಲಿಕೇಶಿನಗರದ ನನ್ನ ಕ್ಲಿನಿಕ್ಕಿಗೆ ಆ ಯುವಕ ಬಂದಿದ್ದೂ ಹಾಗೆಯೇ. ಬಟ್ಟೆ ಒಗೆಯಲು ಹಾಕುವ ಪ್ಲಾಸ್ಟಿಕ್ ಬುಟ್ಟಿ, ಅದರ ಬಾಯಿಗೆ ಬಿಗಿದು ಕಟ್ಟಿದ ಪರದೆ ಬಟ್ಟೆಯ ತುಂಡು. ಶಿವಾಜಿನಗರದಲ್ಲಿ ಅವರದು ಪರದೆ ಬಟ್ಟೆಯ ಅಂಗಡಿ ಎಂದು ಆಮೇಲೆ ತಿಳಿಯಿತು. ಇಪ್ಪತ್ತೈದರ ಆಸುಪಾಸಿನ ವಯಸ್ಸು. ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದ.

"ಮೋಷನ್ ಟೈಟ್ ಆಗಿದೆ ಡಾಕ್ಟ್ರೇ. ನಿನ್ನೆ ಹರಳೆಣ್ಣೆ ಹಾಕಿದ್ವಿ. ಏನೂ ಆಗ್ಲಿಲ್ಲ" ಎಂದ.

ಬುಟ್ಟಿಯೊಳಗೆ ಬಿಳಿಯ ಮೈಮೇಲೆ ಬೆಲ್ಲದ ಬಣ್ಣದ ಮಚ್ಚೆಗಳಿದ್ದ ದೊಡ್ಡ ಗಂಡು ಬೆಕ್ಕು. ಹೆಸರು ಶಕ್ಕರ್. ಕಿವಿಗಳು ಪಕ್ಕಕ್ಕೆ ಮಲಗಿದ್ದವು. ಕಣ್ಣಿನ ಪಾಪೆ ಅರಳಿ ಬಣ್ಣವೇ ಕಾಣದಂತಾಗಿತ್ತು. ಬಾಲ ಹೊಟ್ಟೆಯ ಕೆಳಗೆ ಸೇರಿತ್ತು, ಅಂಗಾಲು ಒದ್ದೆಯಾಗಿತ್ತು. ಬೆಕ್ಕು ಬೆವರುವುದು ಅಂಗಾಲಿನಲ್ಲಿ. ಹೆದರಿದ ಬೆಕ್ಕು ನಮ್ಮ ಸ್ಟೀಲ್ ಟೇಬಲ್ಲಿನ ಮೇಲೆ ಪುಟ್ಟ ಒದ್ದೆ ಹೆಜ್ಜೆಗಳನ್ನು ಬಿಡುತ್ತದೆ. ನಾನು ಹೊಟ್ಟೆಯ ಕೆಳಭಾಗಕ್ಕೆ ಕೈಹಾಕಿದೆ. ಮೂತ್ರಕೋಶ ಮೂಸಂಬಿಯಷ್ಟು ದಪ್ಪವಾಗಿ, ಕಲ್ಲಿನ ಹಾಗೆ ಸಿಕ್ಕಿತು.

ನನ್ನ ಸಹಾಯಕ ಹಲಸೂರಿನವನು, ಬಹಳ ವರ್ಷಗಳಿಂದ ನನ್ನ ಜೊತೆಯಲ್ಲಿರುವವನು. ಟವೆಲ್ ಹಿಡಿದುಕೊಂಡು ಬಂದು ಬೆಕ್ಕನ್ನು ನೋಡಿದ. "ಕಚ್ಚಕ್ಕೂ ಬರ್ತಿಲ್ಲ ಮೇಡಂ, ಇದು ಒಳ್ಳೇದಲ್ಲ" ಎಂದ. ನಿಜವೇ. ಮೂತ್ರ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಅದು ಏರಿದ ಹಾಗೆ ಹೃದಯ ನಿಧಾನವಾಗುತ್ತದೆ. ಆ ಹಂತ ತಲುಪಿದ ಬೆಕ್ಕು ಜಗಳವಾಡುವುದಿಲ್ಲ.

ಡ್ರಿಪ್ ಹಾಕಿದೆವು. ಹೃದಯಕ್ಕೆ ಔಷಧಿ ಕೊಟ್ಟು, ಬಡಿತ ಸರಿಹೋಗುವವರೆಗೆ ಕಾದು, ಮಂಪರಿನ ಇಂಜೆಕ್ಷನ್ ಕೊಟ್ಟೆ. ಕ್ಯಾತಿಟರ್ ಎಂಬ ಸಣ್ಣ ನಳಿಕೆಯನ್ನು ಮೂತ್ರನಾಳದ ತುದಿಯಲ್ಲಿ ತೂರಿಸಿ, ಸಲೈನನ್ನು ಸ್ವಲ್ಪ ಸ್ವಲ್ಪವೇ ಒತ್ತಿ, ಒಳಗೆ ಬೆಣೆಯಂತೆ ಕೂತ ಲೋಳೆಯನ್ನು ಹಿಂದಕ್ಕೆ ತಳ್ಳಬೇಕು. ಬಲ ಹಾಕಿದರೆ ನಾಳ ಹರಿಯುತ್ತದೆ. ಹಾಕದಿದ್ದರೆ ದಾರಿ ಬಿಡುವುದಿಲ್ಲ. ಯುವಕ ಗೋಡೆಗೊರಗಿ ನಿಂತಿದ್ದ. ಕೈ ಆಡುತ್ತಿರುವಾಗಲೇ ನಾನು ಪ್ರಶ್ನೆ ಕೇಳತೊಡಗಿದೆ. ಬೆಕ್ಕಿನ ಈ ಕಾಯಿಲೆಗೆ ಅನೇಕ ಸಲ ಕಲ್ಲೂ ಕಾರಣವಲ್ಲ, ಸೋಂಕೂ ಅಲ್ಲ, ಒತ್ತಡ. ಬದುಕಿನಲ್ಲಿ ಏನೋ ಬದಲಾಗಿ, ಮೂತ್ರಕೋಶದ ಒಳಪದರ ಉರಿಗೊಂಡು, ನಾಳ ಬಿಗಿದುಕೊಳ್ಳುತ್ತದೆ. ಆದ್ದರಿಂದ ಏನು ಬದಲಾಯಿತು ಎಂದು ಹುಡುಕುವುದು ಚಿಕಿತ್ಸೆಯ ಅರ್ಧ ಭಾಗ.

"ಮನೆಗೆ ಹೊಸ ಬೆಕ್ಕು, ನಾಯಿ ಏನಾದ್ರೂ ಬಂದಿದ್ಯಾ?"

"ಇಲ್ಲ ಡಾಕ್ಟ್ರೇ."

"ಮಗು?"

"ಇಲ್ಲ."

"ಮನೆ ಬದಲಾಯಿಸಿದ್ರಾ? ಬಣ್ಣ ಹೊಡ್ಸಿದ್ರಾ?"

"ಇಲ್ಲ."

"ನೆಂಟ್ರು ಇಷ್ಟ್ರು?"

ಆತ ಸ್ವಲ್ಪ ತಡೆದ. "ಹ್ಞಾಂ. ತುಂಬಾ ಜನ ಬಂದಿದ್ರು."

"ಏನ್ರೀ, ಮದುವೆನಾ?" ಎಂದು ನಕ್ಕೆ.

ಆತನೂ ತುಟಿ ಅಗಲಿಸಿದ. "ಅಲ್ಲ ಡಾಕ್ಟ್ರೇ" ಎಂದ.

ಆ ಹೊತ್ತಿಗೆ ಸರಿಯಾಗಿ ನಾಳ ದಾರಿ ಬಿಟ್ಟಿತು. ರಕ್ತದ ಬಣ್ಣದ ಮೂತ್ರ ಪೈಪಿನಲ್ಲಿ ಹರಿದು ಬಂತು. ಸಹಾಯಕ "ಬಂತು, ಬಂತು" ಎಂದ. ನಾನು ಮುಂದಿನ ಪ್ರಶ್ನೆಗೆ ಹೋದೆ.

"ಮನೆ ಹತ್ರ ಶಬ್ದ ಗಿಬ್ದ?"

"ಪಕ್ಕದಲ್ಲೇ ಹಳೇ ಬಂಗಲೆ ಒಡೀತಿದಾರೆ. ಬೆಳಗಿಂದ ಸಂಜೆ ತನಕ ಡ್ರಿಲ್ಲು."

"ನೋಡಿ, ಸಿಕ್ತು" ಎಂದೆ.

ಸಿಕ್ಕಿದ್ದಕ್ಕೆ ನನಗಾದ ಸಮಾಧಾನ ನೆನಪಿದೆ. ಉತ್ತರ ಸಿಕ್ಕ ಮೇಲೆ ನಾನು ಮತ್ತೆ ಕೇಳಲಿಲ್ಲ. ಗುಂಡಿ ತಪ್ಪಿದ ಅಂಗಿ, ಪ್ರತಿ ಉತ್ತರಕ್ಕೂ ಮೊದಲು ಬರುತ್ತಿದ್ದ ಆ ಸಣ್ಣ ತಡೆ, ಮೂಲೆಯ ಫಿಲ್ಟರಿನಿಂದ ಆತ ಮತ್ತೆ ಮತ್ತೆ ನೀರು ಹಿಡಿದು ಕುಡಿದದ್ದು, ಎಲ್ಲವನ್ನೂ ನಾನು ನೋಡಿದ್ದೆ. ನೋಡದಿದ್ದರೆ ಈಗ ನೆನಪಿರುತ್ತಿರಲಿಲ್ಲ. ಬೆಕ್ಕಿನ ಅಂಗಾಲಿನ ಬೆವರಿಗೆ ಅರ್ಥ ಹಚ್ಚಿದ ನಾನು ಇವು ಯಾವುದಕ್ಕೂ ಅರ್ಥ ಹಚ್ಚಲಿಲ್ಲ. ನನ್ನ ಗಮನ ಟೇಬಲ್ಲಿನ ಅಂಚಿಗೆ ಬಂದು ನಿಂತುಬಿಡುತ್ತಿತ್ತು.

ಬೆಕ್ಕು ಕೆಲವು ದಿನ ನಮ್ಮಲ್ಲೇ ಇತ್ತು. ನಳಿಕೆ ತೆಗೆದ ಮೇಲೆ ತಾನಾಗಿ ಮೂತ್ರ ಮಾಡಿತು. ಕರೆದುಕೊಂಡು ಹೋಗಲು ಬಂದ ಯುವಕನಿಗೆ ಎಲ್ಲರಿಗೂ ಹೇಳುವುದನ್ನೇ ಹೇಳಿದೆ: ಒಣ ಕಾಳಿನ ಬದಲು ನೀರಿನಂಶವಿರುವ ಆಹಾರ, ಎರಡು ಕಡೆ ನೀರು, ಎರಡು ಟ್ರೇ, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ. ಡ್ರಿಲ್ಲಿನ ಸದ್ದು ಕೇಳದ ಒಂದು ಕೋಣೆ ಇದ್ದರೆ ಅದರೊಳಗೆ ಬಿಟ್ಟು ಬಾಗಿಲು ಹಾಕಿ ಎಂದೆ. ಆಮೇಲೆ, ಬಾಗಿಲವರೆಗೆ ಹೋದವನನ್ನು ಕರೆದು ಇನ್ನೊಂದು ಮಾತು ಸೇರಿಸಿದೆ.

"ಮನೆಯವ್ರ ಟೆನ್ಷನ್ನೂ ಬೆಕ್ಕಿಗೆ ತಗಲುತ್ತೆ. ಗೊತ್ತಲ್ಲ?"

"ತಗಲುತ್ತಾ?"

"ಹೂಂ, ನೆಗಡಿ ಥರ. ಜಗಳ ಆಡೋದು, ಅಳೋದು, ಅಂಥದ್ದೇನಿದ್ರೂ ಅದ್ರ ಎದುರಿಗೆ ಬೇಡ."

ಆತ ತಲೆಯಾಡಿಸಿದ. ನೆನಪಿಟ್ಟುಕೊಳ್ಳುವವನ ಹಾಗೆ ಇನ್ನೊಮ್ಮೆ ಹೇಳಿಕೊಂಡ: "ಅದ್ರ ಎದುರಿಗೆ ಬೇಡ."

ನಾನು ಈ ಮಾತನ್ನು ಎಷ್ಟೋ ಜನರಿಗೆ ಹೇಳಿದ್ದೆ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ, "ಕೇಳಿಸ್ತಾ?" ಎಂದು ಮೊಣಕೈಯಲ್ಲಿ ತಿವಿಯುತ್ತಾರೆ, ಹೋಗುತ್ತಾರೆ. ಹಗುರವಾದ ಮಾತು ಎಂದೇ ನಾನು ತಿಳಿದಿದ್ದೆ.

ಒಂದು ವಾರ ಕಳೆದಿರಬಹುದು, ಅದೇ ಬುಟ್ಟಿ ಮತ್ತೆ ಬಂತು. ಮತ್ತೆ ಕಟ್ಟಿತ್ತು. ಒಮ್ಮೆ ಕಟ್ಟಿದ ಬೆಕ್ಕಿಗೆ ಬೇಗನೆ ಮತ್ತೆ ಕಟ್ಟುವುದು ಅಪರೂಪವಲ್ಲ, ಅದು ನನಗೆ ಗೊತ್ತು. ಆದರೂ ಅಂದು ಬೆಳಗಿನಿಂದ ಎರಡು ಕಷ್ಟದ ಕೇಸು ನೋಡಿ ದಣಿದಿದ್ದೆ. ಹೇಳಿದ್ದನ್ನು ಮಾಡದೆ ಎಲ್ಲಾ ಮಾಡಿದೆವು ಎನ್ನುವ ಮನೆಯವರು ದಿನವೂ ಸಿಗುತ್ತಾರೆ.

"ನಾನು ಹೇಳಿದ್ದೆಲ್ಲಾ ಮಾಡಿದ್ರಾ?"

"ಎಲ್ಲಾ ಮಾಡಿದ್ವಿ ಡಾಕ್ಟ್ರೇ. ರೂಮೂ ಕೊಟ್ಟಿದೀವಿ. ಬಾಗ್ಲು ಹಾಕಿರ್ತೀವಿ."

"ಮಾಡಿದ್ರೆ ಇಷ್ಟು ಬೇಗ ಯಾಕ್ರೀ ಬರುತ್ತೆ? ಮನೇಲಿ ಯಾರೋ ಏನೋ ತಪ್ಪು ಮಾಡ್ತಿದೀರಾ. ಅದಕ್ಕೆ ನೆಮ್ಮದಿ ಕೊಡ್ತಿಲ್ಲ ನೀವು."

ಆತ ಬೆಕ್ಕಿನ ತಲೆಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. "ಅಮ್ಮಿಗೆ ಹೇಳ್ತೀನಿ" ಎಂದ. ತಾಯಿಗೆ ಹೇಳುತ್ತೇನೆ ಎಂದು ಅರ್ಥ. ಆ ಮನೆಯಲ್ಲಿ ಒಬ್ಬ ತಾಯಿ ಇದ್ದಾರೆಂದು ನಾನು ಕೇಳಿದ್ದು ಆಗಲೇ. ಬೆಕ್ಕು ನಿಜವಾಗಿ ಅವರದೇ ಇರಬಹುದು, ಅವರನ್ನೇ ಕೇಳಬೇಕು ಎಂದು ಹೊಳೆಯಲಿಲ್ಲ. ಹೊಳೆದಿದ್ದರೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಾನು ಸ್ಕ್ಯಾನ್ ಮಾಡಿ ಕಲ್ಲಿಲ್ಲ ಎಂದು ಮತ್ತೊಮ್ಮೆ ಖಚಿತಪಡಿಸಿಕೊಂಡೆ, ನಳಿಕೆ ಹಾಕಿದೆ, ತೆಗೆದೆ, ಕಳುಹಿಸಿದೆ.

ಮೂರನೆಯ ಸಲ ಬಂದಾಗ ಆತ ಬುಟ್ಟಿಯನ್ನು ಟೇಬಲ್ಲಿನ ಮೇಲಿಡಲಿಲ್ಲ. ಕಂಕುಳಲ್ಲಿ ಹಿಡಿದೇ ನಿಂತಿದ್ದ.

"ಡಾಕ್ಟ್ರೇ, ಈ ಸಲ ಬೇಡ. ಕಳ್ಸಿಬಿಡಿ ಅವ್ನನ್ನ" ಎಂದ. "ಇಟ್ಕೊಂಡು ನೋವು ಕೊಡೋದು ಗುನಾ, ಪಾಪ ಅಂತಾರೆ ಅಮ್ಮಿ. ಅವ್ರೇ ಹೇಳಿ ಕಳ್ಸಿದ್ದು."

ಇಂಜೆಕ್ಷನ್ ಕೊಟ್ಟು ಸಾಯಿಸಿಬಿಡಿ ಎಂಬ ಇಂಥ ಬೇಡಿಕೆಗೆ ನಾನು ತಕ್ಷಣ ಒಪ್ಪುವುದಿಲ್ಲ. ಮೂತ್ರದ ದಾರಿಯನ್ನೇ ಅಗಲ ಮಾಡುವ ಒಂದು ಶಸ್ತ್ರಚಿಕಿತ್ಸೆ ಇದೆ ಎಂದು ವಿವರಿಸಿದೆ. ಅದರ ಕಷ್ಟಗಳನ್ನೂ ಹೇಳಿದೆ. ಒತ್ತಡ ಹಾಗೆಯೇ ಇದ್ದರೆ ಆಪರೇಷನ್ ಆದ ಮೇಲೂ ಉರಿ, ರಕ್ತ, ನೋವು ತಪ್ಪುವುದಿಲ್ಲ ಎಂದೂ ಹೇಳಿದೆ. ಆತ ಎಲ್ಲವನ್ನೂ ಕೇಳಿದ. "ಅಮ್ಮಿ ಇನ್ನು ನೋಡಕ್ಕಾಗಲ್ಲ ಅಂದ್ರು" ಎಂದಷ್ಟೇ ಹೇಳಿದ. ಬೆಕ್ಕು ಬುಟ್ಟಿಯೊಳಗೆ ನರಳಿತು. ಮೂರು ಸಲ ಕಟ್ಟಿದ ಬೆಕ್ಕು, ಸೋತ ಮನೆಯವರು. ನಾನು ಒಪ್ಪಿದೆ. ಒಪ್ಪಿದ್ದು ನಾನೇ. ಇದನ್ನು ಬೇರೆ ಯಾರ ಮೇಲೂ ಹಾಕಲಾರೆ.

ಎರಡು ಸಿರಿಂಜು ತುಂಬಿದೆ. ಮೊದಲನೆಯದು ನಿದ್ದೆಗೆ, ಎರಡನೆಯದು ಹೃದಯ ನಿಲ್ಲಿಸಲು. ಸಹಾಯಕ ಮುಂಗಾಲಿನ ಕೂದಲು ಬೋಳಿಸಿ ರಕ್ತನಾಳದಲ್ಲಿ ಸೂಜಿ ಕೂರಿಸಿದ. ಕೊನೆಯ ಇಂಜೆಕ್ಷನ್ನಿಗೆ ಮೊದಲು, ನೋಡಲು ಬರುವವರು ಇನ್ನಾರಾದರೂ ಇದ್ದಾರೆಯೇ ಎಂದು ಕೇಳುವುದು ನನ್ನ ರೂಢಿ. ಸಿರಿಂಜು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ.

"ಅಮ್ಮ ಒಂದ್ಸಲ ಬಂದು ನೋಡಲ್ವಾ? ಬೇಕಾದ್ರೆ ಕಾಯ್ತೀನಿ."

"ಅವ್ರು ಬರಂಗಿಲ್ಲ ಡಾಕ್ಟ್ರೇ. ಇದ್ದತ್‌ನಲ್ಲಿದಾರೆ."

ಈ ಭಾಗದಲ್ಲಿ ಇಷ್ಟು ಕಾಲ ಕೆಲಸ ಮಾಡಿದವಳಿಗೆ ಆ ಪದ ಹೊಸದಲ್ಲ. ಗಂಡ ತೀರಿಕೊಂಡ ಮೇಲೆ ಹೆಂಡತಿ ನಾಲ್ಕು ತಿಂಗಳಿಗೂ ಮೀರಿ ಮನೆಯೊಳಗೇ ಇರುವ ಶೋಕದ ಅವಧಿ.

"ಯಾರು... ನಿಮ್ಮ ತಂದೆನಾ? ಯಾವಾಗ?"

"ಫಸ್ಟ್ ಟೈಮ್ ಇವ್ನನ್ನ ಕರ್ಕೊಂಡ್ ಬಂದ್ನಲ್ಲ, ಅದಕ್ಕೆ ಸ್ವಲ್ಪ ದಿನ ಮುಂಚೆ."

"ನೀವು ಹೇಳ್ಲೇ ಇಲ್ವಲ್ರೀ."

"ನೀವು ಹೊಸಬ್ರು ಯಾರಾದ್ರೂ ಬಂದ್ರಾ ಅಂತ ಕೇಳಿದ್ರಿ" ಎಂದ. ಆ ಮಾತಿನಲ್ಲಿ ಆಕ್ಷೇಪವೇನೂ ಇರಲಿಲ್ಲ. "ಹೋದ್ರಾ ಅಂತ ಕೇಳ್ಲಿಲ್ಲ. ಬೆಕ್ಕಿನ ವಿಷ್ಯಕ್ಕೆ ಇದೆಲ್ಲಾ ಯಾಕೆ ಅಂತ ನಾನೂ..."

ತುಂಬಾ ಜನ ಬಂದಿದ್ದರು ಎಂದು ಹೇಳಿದವನಿಗೆ ನಾನು ಮದುವೆಯಾ ಎಂದು ಕೇಳಿ ನಕ್ಕಿದ್ದೆ.

ತನ್ನ ಕಡೆಯಿಂದ ಏನೋ ತಪ್ಪಾಗಿದೆ ಎಂದುಕೊಂಡನೋ ಏನೋ, ಆತ ಅವಸರವಾಗಿ ಹೇಳತೊಡಗಿದ. "ಆದ್ರೆ ನೀವು ಹೇಳಿದ್ದೆಲ್ಲಾ ಮಾಡಿದೀವಿ ಡಾಕ್ಟ್ರೇ, ಸುಳ್ಳಲ್ಲ. ಮುಂಚೆ ಅವ್ನು ಅಬ್ಬಾ, ಅಮ್ಮಿ ಜೊತೆ ಅವ್ರ ಮಂಚದಲ್ಲೇ ಮಲಗ್ತಿದ್ದ. ಈಗ ಸ್ಟೇರ್‌ಕೇಸ್ ಪಕ್ಕದ ರೂಮಲ್ಲಿ ಹಾಕಿದೀವಿ. ಅಮ್ಮಿ ಅವ್ನನ್ನ ಮುಟ್ಟೋದೂ ಇಲ್ಲ. ಅಳೋದೂ ಬಿಟ್ಬಿಟ್ಟಿದಾರೆ. ನಾನೂ ಅವ್ರ ಮುಂದೆ ಅಬ್ಬಾ ಮಾತು ಎತ್ತಲ್ಲ. ಎತ್ತಿದ್ರೆ ಅಳ್ತಾರೆ, ಆಮೇಲೆ ಇವ್ನಿಗೆ ತಗಲುತ್ತೆ."

ಸಹಾಯಕ ನನ್ನ ಮುಖ ನೋಡಿದ. ನಾನು ಸಿರಿಂಜಿಗೆ ಮುಚ್ಚಳ ಹಾಕಿ ಟ್ರೇಯಲ್ಲಿಟ್ಟೆ.

"ಇನ್ನೊಂದು ಸಲ ನಳಿಕೆ ಹಾಕಕ್ಕೆ ಬಿಡಿ" ಎಂದೆ. "ಅಮ್ಮನ್ನ ಕೇಳಿ. ನಾನು ಕೇಳ್ತಿದೀನಿ ಅಂತ ಹೇಳಿ."

ಆತ ಹೊರಗೆ ಹೋಗಿ ಫೋನ್ ಮಾಡಿದ. ಮನೆಮಾತಾದ ದಖನಿ ಉರ್ದುವಿನಲ್ಲಿ ಮೆಲ್ಲಗೆ ಮಾತನಾಡಿದ. ಬಂದು, "ಡಾಕ್ಟ್ರಿಗೆ ಹೆಂಗೆ ಸರಿ ಅನ್ಸುತ್ತೋ ಹಂಗೆ ಅಂದ್ರು" ಎಂದ. ನನಗೆ ಸರಿ ಅನಿಸಿದ್ದನ್ನು ಮಾಡಿದ್ದರಿಂದಲೇ ಅವರು ಈ ಸ್ಥಿತಿಗೆ ಬಂದು ಮುಟ್ಟಿದ್ದರು.

ಈ ಸಲ ನಳಿಕೆ ಸುಲಭವಾಗಿ ಹೋಗಲಿಲ್ಲ. ಮೂರು ಸಲ ಉರಿಗೊಂಡ ನಾಳ ಊದಿಕೊಂಡಿತ್ತು. ನಡುವೆ ಒಮ್ಮೆ ಕೈಬಿಡೋಣ ಅನ್ನಿಸಿತು. ಸಹಾಯಕ ಇನ್ನೂ ಸಣ್ಣ ಅಳತೆಯ ನಳಿಕೆಯನ್ನು ಬಿಡಿಸಿ ಕೊಟ್ಟ. ಅದು ಹೋಯಿತು.

ನಳಿಕೆ ತೆಗೆಯುವ ದಿನ ತೊಂದರೆ ಶುರುವಾಯಿತು. ತಾನಾಗಿ ಮೂತ್ರ ಮಾಡುವುದನ್ನು ಕಣ್ಣಾರೆ ಕಾಣದೆ ಬೆಕ್ಕನ್ನು ಮನೆಗೆ ಕಳುಹಿಸಬಾರದು ಎಂಬುದು ನಾನೇ ಹಾಕಿಕೊಂಡ ನಿಯಮ. ಬೆಳಿಗ್ಗೆ ತೆಗೆದೆ. ಮಧ್ಯಾಹ್ನವಾದರೂ ಶಕ್ಕರ್ ಮೂತ್ರ ಮಾಡಲಿಲ್ಲ. ಪಂಜರದ ಹಿಂಬದಿಗೆ ಮುಖ ಮಾಡಿ, ಗೋಡೆಯನ್ನು ನೋಡುತ್ತಾ ಕೂತಿತ್ತು. ಹೊರಗೆ ಬೆಂಚಿನ ಬಳಿ ಲಸಿಕೆಗೆ ಬಂದ ನಾಯಿಗಳು ಬೊಗಳುತ್ತಿದ್ದವು. ಪ್ರತಿ ಬೊಗಳಿಗೂ ಅದರ ಬೆನ್ನ ಮೇಲಿನ ಚರ್ಮ ಅದುರುತ್ತಿತ್ತು. ಮುಟ್ಟಿ ನೋಡಿದೆ. ಮೂತ್ರಕೋಶ ನಿಂಬೆಹಣ್ಣಿನಷ್ಟಾಗಿತ್ತು. ಇನ್ನು ತುಂಬುತ್ತಾ ಹೋದರೆ ನಾಳ ಮತ್ತೆ ಬಿಗಿಯುತ್ತದೆ. ಆಗ ಉಳಿಯುವುದು ಆಪರೇಷನ್, ಇಲ್ಲವೇ ಆ ಎರಡನೆಯ ಸಿರಿಂಜು. ಮತ್ತೆ ಕಟ್ಟಿದರೆ ಇನ್ನು ನೋವು ಕೊಟ್ಟು ಇಟ್ಟುಕೊಳ್ಳುವುದಿಲ್ಲ ಎಂದು ಆ ತಾಯಿ ಮಗನ ಹತ್ತಿರ ಹೇಳಿ ಕಳುಹಿಸಿದ್ದರು.

ನಿಯಮ ಮುರಿಯಲು ತೀರ್ಮಾನಿಸಿದೆ. ಮನೆಗೇ ಕರೆದುಕೊಂಡು ಹೋಗಿ, ಅಲ್ಲಿ ಕೂತು ಕಾಯುವುದು.

"ಅಲ್ಲಿ ಏನಾದ್ರೂ ಆದ್ರೆ ಮೇಡಂ?" ಎಂದ ಸಹಾಯಕ.

"ವಾಪಸ್ ತರ್ತೀನಿ. ನೀವು ಎಲ್ಲಾ ರೆಡಿ ಇಟ್ಕೊಂಡಿರಿ."

"ಬೆಕ್ಕು ಉಚ್ಚೆ ಹೊಯ್ಯೋದು ನೋಡಕ್ಕೆ ಮನೆಗ್ ಹೋಗಿ ಕೂರೋ ಡಾಕ್ಟ್ರನ್ನ ಇವತ್ತೇ ನೋಡಿದ್ದು ನಾನು" ಎನ್ನುತ್ತಾ ಬುಟ್ಟಿಯ ಮೇಲೆ ಪರದೆ ಬಟ್ಟೆಯನ್ನು ಸರಿಯಾಗಿ ಕಟ್ಟಿಕೊಟ್ಟ. ಬೆಳಕು ಕಾಣದಿದ್ದರೆ ಬೆಕ್ಕಿಗೆ ಪ್ರಯಾಣ ಸುಲಭ.

ಬೆಕ್ಕನ್ನು ಕರೆದೊಯ್ಯಲು ಬಂದಿದ್ದ ಯುವಕ ದಾರಿ ತೋರಿಸಿದ, ಮನೆ ಹತ್ತಿರವೇ ಇತ್ತು. ಅಣ್ಣತಮ್ಮಂದಿರ ನಡುವೆ ಪಾಲಾದ ಹಳೆಯ ಮನೆಯ ಮೇಲಂತಸ್ತು. ಪಕ್ಕದಲ್ಲಿ ಡ್ರಿಲ್ಲು ನಿಜವಾಗಿಯೂ ಕೂಗುತ್ತಿತ್ತು. ಮೆಟ್ಟಿಲು ಮುಗಿಯುವಲ್ಲಿ ಎಡಕ್ಕೊಂದು ಸಣ್ಣ ಕೋಣೆ. ಅದರೊಳಗೆ ಎರಡು ಟ್ರೇ, ಎರಡು ಬಟ್ಟಲು ನೀರು, ರಟ್ಟಿನ ಪೆಟ್ಟಿಗೆ. ನಾನು ಹೇಳಿದ್ದು ಹೇಳಿದ ಹಾಗೆ, ಹೇಳಿದ ಜಾಗದಲ್ಲಿತ್ತು. ಬಾಗಿಲಿನ ಒಳಬದಿಯಲ್ಲಿ ನೆಲದಿಂದ ಒಂದು ಮೊಳ ಎತ್ತರದವರೆಗೆ ಬಣ್ಣ ಕೆರೆದು ಮರ ಕಾಣುತ್ತಿತ್ತು. ಉಗುರಿನ ಗೀರುಗಳು. ತಪ್ಪು ಮಾಡುತ್ತಿದ್ದೀರಿ ಎಂದು ನಾನು ಗದರಿದ್ದು ಈ ಮನೆಯವರನ್ನು.

"ಒಂದು ಟ್ರೇ ಅಮ್ಮನ ರೂಮಿಗೆ ತನ್ನಿ" ಎಂದೆ. ಆತ ತಂದು ಬಾಗಿಲ ಬಳಿ ಇಟ್ಟು, ಮೆಟ್ಟಿಲ ಮೇಲೆ ಹೋಗಿ ಕೂತ.

ಆ ತಾಯಿ ಒಳಕೋಣೆಯ ದೂರದ ಮೂಲೆಯಲ್ಲಿ, ಕಿಟಕಿಯ ಕೆಳಗೆ ಚಾಪೆಯ ಮೇಲೆ ಕೂತಿದ್ದರು. ಬಿಳಿ ದುಪಟ್ಟಾ, ಬರಿಗೈ. ನಡುವೆ ದೊಡ್ಡ ಮಂಚ. "ಬನ್ನಿ ಡಾಕ್ಟ್ರಮ್ಮ" ಎಂದರು. ಏಳಲಿಲ್ಲ. ನಾನು ಬುಟ್ಟಿ ಬಿಚ್ಚಿದಾಗ ಅವರು ಇನ್ನಷ್ಟು ಗೋಡೆಗೆ ಸರಿದರು.

"ನಾನು ಇಲ್ಲೇ ದೂರ ಇರ್ತೀನಿ. ನಂದು ಅವ್ನಿಗೆ ತಗಲ್‌ಬಾರ್ದಲ್ಲ."

ಶಕ್ಕರ್ ಹೊರಬಂದು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡಿ ಮಂಚದಡಿ ಸೇರಿತು.

ನಾನು ಬಾಗಿಲ ಬಳಿ ನೆಲದ ಮೇಲೆ ಕೂತೆ. ಹೇಳಬೇಕಾದ ವಾಕ್ಯವನ್ನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದೆ. "ಅಮ್ಮ, ಅಳೋದು ಬೆಕ್ಕಿಗೆ ತಗಲುತ್ತೆ ಅಂತ ನಾನು ಹೇಳಿದ್ದು ತಪ್ಪು" ಎಂದೆ.

ಅವರು ನನ್ನನ್ನು ನೇರವಾಗಿ ನೋಡಿದರು. "ತಪ್ಪಾ, ಸುಳ್ಳಾ?"

ಇದಕ್ಕೆ ನಾನು ತಯಾರಾಗಿರಲಿಲ್ಲ. ಸುಳ್ಳು ಎಂದುಬಿಟ್ಟರೆ ಅವರಿಗೆ ಹಗುರವಾಗುತ್ತಿತ್ತು, ನನಗೂ. ಆದರೆ ಪೂರ್ತಿ ಸುಳ್ಳಲ್ಲ. ಮನೆಯ ಕಳವಳ ಬೆಕ್ಕಿಗೆ ತಿಳಿಯುತ್ತದೆ. ನಿಧಾನವಾಗಿ, ಗೊತ್ತಿರುವಷ್ಟನ್ನೇ ಹೇಳಿದೆ. "ಅದಕ್ಕೆ ಕಣ್ಣೀರು ಏನು ಅಂತ ಗೊತ್ತಾಗಲ್ಲ ಅಮ್ಮ. ಯಾವಾಗ್ಲೂ ಮಲಗ್ತಿದ್ದ ಜಾಗ ಇಲ್ಲ, ಎತ್ಕೊಳ್ತಿದ್ದ ಕೈ ಇಲ್ಲ, ಬಾಗಿಲು ಹಾಕಿದೆ. ಅದು ಗೊತ್ತಾಗುತ್ತೆ. ನಿಮ್ಮ ಯಜಮಾನ್ರು ಇದ್ದಕ್ಕಿದ್ದ ಹಾಗೆ ಕಾಣದೆ ಹೋದ್ರು. ಆಮೇಲೆ ನೀವೂ ಕಾಣದೆ ಹೋದ್ರಿ."

"ನಾನೇ ಬಾಗ್ಲು ಹಾಕಿದ್ದು ಹಂಗಾದ್ರೆ."

"ಹಾಕಿ ಅಂತ ಹೇಳಿದ್ದು ನಾನು."

ಪಕ್ಕದ ಡ್ರಿಲ್ಲು ನಿಂತು ಮತ್ತೆ ಶುರುವಾಯಿತು. ಆಮೇಲೆ ಅವರು ಮಾತನಾಡಿದಾಗ ದನಿ ಏರಿರಲಿಲ್ಲ, ಆದರೆ ಸಿಟ್ಟು ಇತ್ತು.

"ಇಷ್ಟು ವರ್ಷ ಜೊತೆಗಿದ್ದವ್ರು ಹೋದ್ರು ಡಾಕ್ಟ್ರಮ್ಮ. ಒಂದು ಬೆಕ್ಕಿಗೋಸ್ಕರ ನಾನು ಅಳೋದು ಬಿಟ್ಟೆ. ಯಾಕಂದ್ರೆ ಅವ್ನು ಅವ್ರ ಬೆಕ್ಕು. ಗಲ್ಲಿಲಿ ಮರಿ ಬಿದ್ದಿತ್ತು, ಜೇಬಲ್ಲಿ ಹಾಕ್ಕೊಂಡ್ ಬಂದ್ರು. ಚಾಯಿಗೆ ಸಕ್ಕರೆ ಬೇಡ ಅಂತ ಡಾಕ್ಟ್ರು ಹೇಳಿದ್ರಂತೆ, ಅದಕ್ಕೆ ಇವ್ನೇ ನನ್ನ ಶಕ್ಕರ್ ಅಂದ್ರು. ಇವ್ನೂ ಹೋದ್ರೆ ನಾನು ಏನ್ ಮುಖ ತೋರಿಸ್ಲಿ ಅವ್ರಿಗೆ? ಅದಕ್ಕೆ ಬಾತ್ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ. ಮನೆಗೆ ಬಂದವ್ರ ಮುಂದೆ ಕಣ್ಣು ಒಣಗಿಸ್ಕೊಂಡು ಕೂತೆ. ನಾದಿನಿ ಎದುರಿಗೇ ಅಂದ್ಲು, ಭಾಬಿ ದಿಲ್ಲು ಕಲ್ಲು ಅಂತ. ಅನ್ನಿಸ್ಕೊಂಡೆ."

"ಕ್ಷಮಿಸಿ" ಎಂದೆ. ಅವರು ಆ ಮಾತನ್ನು ಎತ್ತಿಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಚಾಪೆಯಿಂದ ಮುಂದೆ ಜರುಗಿದರು. ಮಂಚದ ಪಕ್ಕದಲ್ಲಿ ನೆಲದ ಮೇಲೆ ಮಗ್ಗುಲಾಗಿ ಮಲಗಿ, ಕೈಯನ್ನು ಮಂಚದಡಿ ಚಾಚಿದರು. "ಆ ರೇ ಶಕ್ಕರ್. ಆ" ಎಂದು ಕರೆದರು. ಬೆಕ್ಕು ಬರಲಿಲ್ಲ. ಇಷ್ಟು ದಿನ ಬಾಗಿಲು ತೆರೆಯದವರ ಹತ್ತಿರ ಅದು ಯಾಕೆ ಬರಬೇಕು? ಅವರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನಗೆ ಕಾಣುತ್ತಿದ್ದುದು ಅವರ ಬೆನ್ನು ಮಾತ್ರ.

ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಡ್ರಿಪ್ಪಿನ ನೀರು ಒಳಗೆ ಇಳಿದಿದೆ, ಮೂತ್ರಕೋಶ ಇಷ್ಟು ಹೊತ್ತಿಗೆ ಇನ್ನಷ್ಟು ತುಂಬಿರುತ್ತದೆ. ಇನ್ನು ಸ್ವಲ್ಪ ನೋಡಿ ಎತ್ತಿಕೊಂಡು ಹೋಗಬೇಕು. ಮತ್ತೆ ಟೇಬಲ್, ಮತ್ತೆ ಮಂಪರು. ಇವರಿಗೆ ಏನೆಂದು ಹೇಳಿ ಎತ್ತಲಿ?

ಮಂಚದಡಿಯಿಂದ ಮೊದಲು ಬಾಲದ ತುದಿ ಕಾಣಿಸಿತು. ಶಕ್ಕರ್ ಅವರ ಅಂಗೈಯನ್ನು ಮೂಸಿತು. ಮಣಿಕಟ್ಟನ್ನು ಮೂಸಿತು. ಕೆನ್ನೆಯನ್ನು ಅವರ ಬೆರಳುಗಳಿಗೆ ಒಮ್ಮೆ ಉಜ್ಜಿತು. ಅಲ್ಲಿ ನಿಲ್ಲಲಿಲ್ಲ. ನನ್ನನ್ನು ಸುತ್ತಿ ಬಳಸಿಕೊಂಡು ಟ್ರೇಗೆ ಹೋಯಿತು. ಕೆರೆಯಿತು, ತಿರುಗಿತು, ಕೂತಿತು.

ಎದ್ದರೆ ಮುಗಿಯಿತು. ಬರೀ ಕೂತು ಏಳುವುದನ್ನು ನಾವಿಬ್ಬರೂ ಬೇಕಾದಷ್ಟು ನೋಡಿದ್ದೆವು.

ಮರಳಿನ ಮೇಲೆ ನೀರು ಬೀಳುವ ಸದ್ದು ಬಂತು. ತಡೆಯಿಲ್ಲದೆ, ಒಂದೇ ಧಾರೆಯಲ್ಲಿ, ಉದ್ದಕ್ಕೆ.

ಬೆಕ್ಕು ಮರಳು ಮುಚ್ಚಿ ಹೋದ ಮೇಲೆ ನಾನು ಟ್ರೇಯ ಬಳಿ ಬಗ್ಗಿ, ಒದ್ದೆ ಹೆಂಟೆಯನ್ನು ಕೆದಕಿ ಗಾತ್ರ ನೋಡಿದೆ. ಬಣ್ಣ ನೋಡಿದೆ. ತಿಳಿ ಗುಲಾಬಿ, ಅಷ್ಟು ಪರವಾಗಿಲ್ಲ.

"ಆಯ್ತಾ?" ನೆಲದ ಮೇಲಿಂದಲೇ ಕೇಳಿದರು.

"ಆಯ್ತು."

"ಸರಿಯಾಗಿ?"

"ಸರಿಯಾಗಿ ಆಗಿದೆ. ಮತ್ತೆ ಕಟ್ಟಲ್ಲ ಅಂತ ಹೇಳಕ್ಕಾಗಲ್ಲ ಅಮ್ಮ. ಇವತ್ತಿಗೆ ಆಗಿದೆ."

ಅವರು ಎದ್ದು ಕೂತು ದುಪಟ್ಟಾ ಸರಿಮಾಡಿಕೊಂಡರು. ಬೆಕ್ಕು ಮಂಚ ಹತ್ತಿ, ಒಂದು ಬದಿಯ ದಿಂಬನ್ನು ಮೂಸುತ್ತಿತ್ತು.

"ಹಂಗಾದ್ರೆ ನೀವು ಹೊರಡಿ ಡಾಕ್ಟ್ರಮ್ಮ. ತಪ್ಪು ತಿಳ್ಕೋಬೇಡಿ. ನಂಗೆ ಅಳ್ಬೇಕು."

ನಾನು ಬುಟ್ಟಿ ಎತ್ತಿಕೊಂಡು ಹೊರಬಂದೆ. ಮಗ ಮೆಟ್ಟಿಲ ಮೇಲೆಯೇ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಳು ಕೇಳಿಸಿತು. ಮೊದಲು ಕೆಮ್ಮಿನ ಹಾಗೆ, ಆಮೇಲೆ ಡ್ರಿಲ್ಲಿನ ಸದ್ದನ್ನೂ ಮೀರಿ. ಆತನ ಕೈ ಕಂಬಿಯನ್ನು ಹಿಡಿಯಿತು. ಕಾಲು ಮೇಲಿನ ಮೆಟ್ಟಿಲಿಗೆ ಹೋಗಿ ಅಲ್ಲೇ ನಿಂತಿತು.

"ಡಾಕ್ಟ್ರೇ" ಎಂದ. "ನಾನು ಒಳಗೆ ಹೋಗ್ಬಹುದಾ? ಶಕ್ಕರ್‌ಗೆ ಏನೂ ಆಗಲ್ವಾ?"

ತನ್ನ ಮನೆಯಲ್ಲಿ, ತನ್ನ ತಾಯಿಯ ಹತ್ತಿರ ಹೋಗಲು ಆತ ನನ್ನನ್ನು ಕೇಳುತ್ತಿದ್ದ.

"ಹೋಗಿ" ಎಂದೆ, ದಾರಿ ಬಿಟ್ಟು ಗೋಡೆಗೆ ಸರಿದು ನಿಂತೆ.